ಕಾಫಿ ತೋಟಗಳಿಗೆ ಬಂದ ಅಸ್ಸಾಮಿನ ಕಾರ್ಮಿಕರ ಬಗ್ಗೆ ಹಾಸನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಸಕಲೇಶಪುರ, ಆಲೂರು, ಬೇಲೂರು ತಾಲೂಕುಗಳ ನನ್ನ ಬೆಳೆಗಾರ ಬಂಧುಗಳಿಗೆ,

ನಮಸ್ಕಾರಗಳು.

ನಾನು ಸಕಲೇಶಪುರ ತಾಲೂಕಿನಲ್ಲಿ ಏಳು ಎಕರೆ ರೊಬಸ್ಟಾ ಕಾಫಿ, ಅದರ ನಡುವೆ ಮೆಣಸಿನ ಬಳ್ಳಿ ಇಟ್ಟುಕೊಂಡು ಬದುಕುತ್ತಿರುವ ಸಣ್ಣ ಬೆಳೆಗಾರ. ಕೆಲವು ವರ್ಷಗಳಿಂದ ನನ್ನ ತೋಟದ ಕುಯ್ಲು ನಡೆಯುತ್ತಿರುವುದು ಅಸ್ಸಾಮಿನಿಂದ ಬಂದವರ ಕೈಯಿಂದ. ನನ್ನ ಸುತ್ತಲಿನ ಬಹುಪಾಲು ತೋಟಗಳ ಸ್ಥಿತಿಯೂ ಇದೇ. ಈ ಜನರ ವಿಷಯದಲ್ಲಿ ನಮ್ಮ ಜಿಲ್ಲೆ ಒಂದು ದೊಡ್ಡ ತಪ್ಪು ಮಾಡುತ್ತಿದೆ ಎಂದು ನನಗೆ ಅನ್ನಿಸುತ್ತಿದೆ, ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅವರು ಯಾರು, ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ನಾವು ಅನುಮಾನ ಬಂದಾಗ ಕೇಳುತ್ತೇವೆ. ಕೂಲಿ ಕೊಡುವಾಗ, ಪಡಿತರ ಹಂಚುವಾಗ, ಮಕ್ಕಳನ್ನು ಶಾಲೆಗೆ ಸೇರಿಸುವಾಗ ಕೇಳುವುದಿಲ್ಲ. ಅವರ ಎಣಿಕೆ ಮೊದಲು ಕಾರ್ಮಿಕ ಇಲಾಖೆಯ ಪುಸ್ತಕದಲ್ಲಿ ಆಗಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನ ಕಣದಲ್ಲೇ ನಡೆದ ಒಂದು ಸಂಗತಿಯನ್ನು ಹೇಳಬೇಕು. ಮೂರು ವರ್ಷದ ಹಿಂದಿನ ಜನವರಿ ತಿಂಗಳು. ಕುಯ್ದ ಹಣ್ಣನ್ನು ಸಂಜೆ ಕಣದ ಪಕ್ಕದಲ್ಲಿ ತೂಕ ಹಾಕಿ, ಯಾರದು ಎಷ್ಟು ಕೆ.ಜಿ. ಎಂದು ನಾನು ಬರೆದುಕೊಳ್ಳುತ್ತಿದ್ದೆ. ಆ ವರ್ಷ ಹೊಸದಾಗಿ ಬಂದಿದ್ದ ಒಬ್ಬ ಹೆಣ್ಣುಮಗಳು ತಾನೂ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ತನ್ನ ತೂಕ ಬರೆದಿಟ್ಟುಕೊಳ್ಳುತ್ತಿದ್ದಳು. ವಾರದ ಬಟವಾಡೆಯ ದಿನ ಎರಡನ್ನೂ ತಾಳೆ ನೋಡೋಣವೆಂದು ಆ ಪುಸ್ತಕವನ್ನು ಕೇಳಿ ಪಡೆದೆ. ಸೋಮವಾರಕ್ಕೆ ನನ್ನ ಪುಸ್ತಕದಲ್ಲಿ 47 ಕೆ.ಜಿ. ಎಂದಿತ್ತು. ಅವಳ ಪುಸ್ತಕದಲ್ಲಿ ನನಗೆ ಕಂಡದ್ದು 89. ಉಳಿದ ದಿನಗಳ ಅಂಕಿಗಳು ನನಗೆ ಓದಲು ಬರಲಿಲ್ಲ; ಓದಲು ಬಂದದ್ದು ಇದೊಂದೇ, ಇದೂ ಸುಳ್ಳು ಎಂದುಕೊಂಡೆ. ಹೊಸಬಳು, ಹಣ್ಣು ಬಿಡಿಸಲು ಇನ್ನೂ ಕೈ ಕೂಡದವಳು, ಒಂದು ದಿನಕ್ಕೆ 89 ಕೆ.ಜಿ. ಕುಯ್ದೆನೆಂದು ಬರೆದುಕೊಂಡಿದ್ದಾಳೆಂದು ಎಲ್ಲರ ಎದುರಿಗೆ ಗದರಿದೆ. ಅವಳಿಗೆ ನನ್ನ ಮಾತು ತಿಳಿಯಲಿಲ್ಲ, ದನಿ ಮಾತ್ರ ತಿಳಿಯಿತು. ಮುಖ ಕೆಂಪಾಯಿತು, ಪುಸ್ತಕ ಹಿಂದಕ್ಕೆ ಕೇಳಲಿಲ್ಲ.

ಆಗ ಅವಳ ಹತ್ತು ವರ್ಷದ ಮಗ ಮುಂದೆ ಬಂದು, ಕಣದ ಧೂಳಿನ ಮೇಲೆ ಕಡ್ಡಿಯಿಂದ ಒಂದರಿಂದ ಹತ್ತರವರೆಗೆ ತಮ್ಮ ಅಂಕಿಗಳನ್ನು ಸಾಲಾಗಿ ಬರೆದು, ಒಂದೊಂದಕ್ಕೂ ಬೆರಳು ಎಣಿಸಿ ತೋರಿಸಿದ. ಅಸ್ಸಾಮಿ ಮತ್ತು ಬಂಗಾಳಿ ಲಿಪಿಯಲ್ಲಿ ನಾಲ್ಕು ಎಂಬ ಅಂಕಿ ನಾವು ಬರೆಯುವ ಎಂಟರಂತೆಯೇ ಇರುತ್ತದೆ. ಏಳು ಎಂಬುದು ಹೆಚ್ಚುಕಡಿಮೆ ಒಂಬತ್ತರಂತೆ ಇರುತ್ತದೆ. ಅವಳು ಬರೆದದ್ದು 47. ಒಂದು ಕೆ.ಜಿ.ಯೂ ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ.

ನಾನು ಅವಳ ಕ್ಷಮೆ ಕೇಳಿದೆ. ಆದರೆ ಆ ಹುಡುಗ ಅಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಸುಳ್ಳಿ ಎಂಬ ಹೆಸರು ಹೊತ್ತು ಅವಳು ಲೈನಿಗೆ, ಅಂದರೆ ತೋಟದ ಆಳುಗಳ ಸಾಲುಮನೆಗೆ, ಹೋಗುತ್ತಿದ್ದಳು. ಮರುದಿನ ಪಕ್ಕದ ತೋಟದವರಿಗೂ ನಾನೇ ಹಾಗೆಂದು ಹೇಳುತ್ತಿದ್ದೆ. ಅಸ್ಸಾಮಿನವರ ಬಗ್ಗೆ ನಮ್ಮ ಊರಿನ ಹೋಟೆಲುಗಳಲ್ಲಿ, ಜೀಪುಗಳಲ್ಲಿ, ಬೆಳೆಗಾರರ ಸಭೆಗಳಲ್ಲಿ ಓಡಾಡುವ ಮಾತುಗಳಲ್ಲಿ ಎಷ್ಟು ಮಾತು ಹೀಗೆ ಓದಲು ಬಾರದ ಪುಸ್ತಕದಿಂದ ಹುಟ್ಟಿದ್ದಿರಬಹುದು?

ಅವರು ಏಕೆ ಬರುತ್ತಾರೆ ಎಂಬುದನ್ನು ನಮ್ಮಲ್ಲಿ ವಿಚಾರಿಸಿದವರು ಕಡಿಮೆ. ನನ್ನ ತೋಟಕ್ಕೆ ಬರುವ ಕುಟುಂಬಗಳಲ್ಲಿ ಹೆಚ್ಚಿನವು ಬರಪೇಟಾ ಮತ್ತು ಧುಬ್ರಿ ಜಿಲ್ಲೆಗಳವು, ಬ್ರಹ್ಮಪುತ್ರಾ ನದಿಯ ಮರಳು ದಿಬ್ಬಗಳಲ್ಲಿ, ಅವರು ಚರ್ ಎಂದು ಕರೆಯುವ ನೆಲದಲ್ಲಿ, ಭತ್ತ ಮತ್ತು ಸೆಣಬು ಬೆಳೆದುಕೊಂಡಿದ್ದವು. 1950ರ ಆಗಸ್ಟ್ 15ರಂದು ಅಸ್ಸಾಮಿನ ಆಚೆ ಮೇಲ್ಭಾಗದಲ್ಲಿ 8.6 ತೀವ್ರತೆಯ ಭೂಕಂಪವಾಗಿ, ಕುಸಿದ ಬೆಟ್ಟಗಳ ಮಣ್ಣು ನದಿಯ ಪಾತ್ರವನ್ನೇ ಮೇಲೆತ್ತಿತು. ಅಂದಿನಿಂದ ಆ ನದಿ ದಡಗಳನ್ನು ಕೊರೆಯುತ್ತಲೇ ಇದೆ. ಅಸ್ಸಾಂ ಸರ್ಕಾರದ ಜಲಸಂಪನ್ಮೂಲ ಇಲಾಖೆಯ ಲೆಕ್ಕದಂತೆ, 1950ರಿಂದ ಈಚೆಗೆ ಬ್ರಹ್ಮಪುತ್ರಾ ಮತ್ತು ಅದರ ಉಪನದಿಗಳು ನುಂಗಿದ ಭೂಮಿ 4.27 ಲಕ್ಷ ಹೆಕ್ಟೇರ್, ಅಂದರೆ ಆ ರಾಜ್ಯದ ವಿಸ್ತೀರ್ಣದಲ್ಲಿ ಶೇ. 7.4ರಷ್ಟು. ನಮ್ಮ ಹಾಸನ ಜಿಲ್ಲೆಯ ಒಟ್ಟು ವಿಸ್ತೀರ್ಣ 6,814 ಚದರ ಕಿ.ಮೀ. ಈ ಜಿಲ್ಲೆಯ ಮೂರರಲ್ಲಿ ಎರಡು ಪಾಲಿಗೆ ಹತ್ತಿರವಾಗುವಷ್ಟು ನೆಲ ನೀರು ಪಾಲಾಗಿದೆ ಎಂದು ತಿಳಿದರೆ ಅದರ ಅಳತೆ ನಮಗೆ ಸಿಗಬಹುದು. ನೆರೆಯಲ್ಲಿ ಮುಳುಗಿದ ಗದ್ದೆ ನೀರಿಳಿದ ಮೇಲೆ ಮತ್ತೆ ಸಿಗುತ್ತದೆ. ಕೊರೆತದಲ್ಲಿ ಹೋದ ಗದ್ದೆ ಸಿಗುವುದಿಲ್ಲ, ಅದರ ಪತ್ರ ಮಾತ್ರ ಕೈಯಲ್ಲಿ ಉಳಿಯುತ್ತದೆ.

ಪತ್ರ ಎಂದಾಗ ಇನ್ನೊಂದು ಸಂಗತಿ ಹೇಳಬೇಕು. ಈ ಜನರು ಊರಿನಿಂದ ಹೊರಡುವಾಗ ಬಟ್ಟೆಬರೆಗಿಂತ ಮೊದಲು ಕಟ್ಟಿಕೊಳ್ಳುವುದು ಒಂದು ಪ್ಲಾಸ್ಟಿಕ್ ಕವರನ್ನು. ನನ್ನ ಲೈನಿನಲ್ಲಿ ಅದನ್ನು ಬೆಂಕಿಗೂ ಇಲಿಗೂ ಸಿಗದಂತೆ ಮಾಡಿನ ಅಡ್ಡೆಗೆ ತೂಗುಹಾಕಿರುತ್ತಾರೆ. ಒಮ್ಮೆ ಅದೇ ಹೆಣ್ಣುಮಗಳು ಅದನ್ನು ಬಿಚ್ಚಿ ತೋರಿಸಿದಳು. ಆಧಾರ್, ಮತದಾರರ ಚೀಟಿ, ಪಡಿತರ ಚೀಟಿ, ಗ್ರಾಮ ಪಂಚಾಯಿತಿ ಕೊಟ್ಟ ಮದುವೆಯ ದೃಢೀಕರಣ, ಮತ್ತು ಎಲ್ಲಕ್ಕಿಂತ ಕೆಳಗೆ, ಮಡಿಕೆಯ ಗೆರೆಯಲ್ಲಿ ಹರಿದು ಅಂಟು ಟೇಪು ಹಚ್ಚಿದ, ಅವಳ ಅಜ್ಜನ ಹೆಸರಿರುವ 1966ರ ಮತದಾರರ ಪಟ್ಟಿಯ ನಕಲು. 1985ರ ಅಸ್ಸಾಂ ಒಪ್ಪಂದವು ವಿದೇಶಿಯರು ಯಾರೆಂದು ಗುರುತಿಸಲು 1971ರ ಮಾರ್ಚ್ 24ರ ಮಧ್ಯರಾತ್ರಿಯನ್ನು ಗಡಿಯಾಗಿ ಗೊತ್ತುಮಾಡಿತು. ಆ ದಿನಕ್ಕಿಂತ ಮುಂಚೆ ತಮ್ಮವರು ಅಲ್ಲಿದ್ದರೆಂದು ತೋರಿಸಬೇಕಾದ ಹೊಣೆ ಆ ರಾಜ್ಯದ ಪ್ರತಿಯೊಬ್ಬರ ತಲೆಯ ಮೇಲೂ ಬಿತ್ತು. ರಾಷ್ಟ್ರೀಯ ಪೌರತ್ವ ನೋಂದಣಿಯ ಅಂತಿಮ ಪಟ್ಟಿ 2019ರ ಆಗಸ್ಟ್ 31ರಂದು ಪ್ರಕಟವಾದಾಗ, ಅರ್ಜಿ ಹಾಕಿದ ಸುಮಾರು 3.30 ಕೋಟಿ ಜನರಲ್ಲಿ 3,11,21,004 ಮಂದಿಯ ಹೆಸರು ಒಳಗೆ, 19,06,657 ಮಂದಿಯ ಹೆಸರು ಹೊರಗೆ ಉಳಿದವು. ಈ ದೇಶದಲ್ಲಿ ತಾನು ಯಾರೆಂದು ಇಷ್ಟು ಕಟ್ಟುನಿಟ್ಟಾಗಿ ಕಾಗದದ ಮೇಲೆ ತೋರಿಸಬೇಕಾಗಿ ಬಂದ ಜನ ಮತ್ತೊಂದು ರಾಜ್ಯದಲ್ಲಿ ಇಲ್ಲ. ಅಂಥ ಪರೀಕ್ಷೆ ಮುಗಿಸಿ, ದಿನಗಟ್ಟಲೆ ರೈಲಿನಲ್ಲಿ ಕುಳಿತು ಸಕಲೇಶಪುರಕ್ಕೆ ಬಂದವಳನ್ನು, ಸಂತೆಯ ದಿನ ನಾಲ್ಕು ಹುಡುಗರು ಅಡ್ಡಗಟ್ಟಿ ನೀನು ಯಾವ ದೇಶದವಳು ಎಂದು ಕೇಳುತ್ತಾರೆ.

ನನಗೆ ಇದು ಬೇರೆಯವರ ಕಥೆಯಾಗಿ ಕೇಳಿಸುವುದಿಲ್ಲ, ಏಕೆಂದರೆ ನಾನು ಮುಳುಗಡೆಯ ಮನೆಯಿಂದ ಬಂದವನು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡಾಗ ಹಿನ್ನೀರಿನಲ್ಲಿ ಹೋದ ಗದ್ದೆಗಳಲ್ಲಿ ನಮ್ಮ ತಂದೆಯವರದೂ ಇತ್ತು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೋಡಲು ದೂರದಿಂದ ಜನ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಮನೆಯವರು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದರು. ಬದಲಿ ಭೂಮಿಗಾಗಿ ನಮ್ಮ ತಂದೆ ಸಂತ್ರಸ್ತರ ಪ್ರಮಾಣಪತ್ರ ಹಿಡಿದುಕೊಂಡು ವರ್ಷಗಟ್ಟಲೆ ಓಡಾಡಿದರು. ಒಂದು ಕಚೇರಿಯಲ್ಲಿ ಅವರ ಹೆಸರಿನ ಒಂದಕ್ಷರ ತಪ್ಪಿದೆ ಎಂದು ಕಡತವನ್ನು ಹನ್ನೊಂದು ತಿಂಗಳು ಇಟ್ಟುಕೊಂಡರು. ಕೊನೆಗೆ ಭೂಮಿ ಸಿಕ್ಕಿ ಈ ಕಡೆ ಬಂದಾಗ ನಾವೂ ಹೊರಗಿನವರೇ ಆಗಿದ್ದೆವು. ‘ಮುಳುಗಡೆಯವರು’ ಎಂಬ ಮಾತನ್ನು ಊರಿನವರು ಯಾವ ದನಿಯಲ್ಲಿ ಹೇಳುತ್ತಿದ್ದರು ಎಂಬುದು ಚಿಕ್ಕವನಾಗಿದ್ದ ನನಗೆ ಚೆನ್ನಾಗಿ ನೆನಪಿದೆ. ಹೇಮಾವತಿ ಸಂತ್ರಸ್ತರ ಹೆಸರಿನಲ್ಲಿ ನಕಲಿ ದಾಖಲೆ ಸೃಷ್ಟಿಸಿ ಭೂಮಿ ಪಡೆದವರ ಸುದ್ದಿ ಮುಂದೆ ಪತ್ರಿಕೆಗಳಲ್ಲಿ ಬಂದಾಗ, ನಿಜವಾಗಿ ನೆಲ ಕಳೆದುಕೊಂಡವರನ್ನೂ ಜನ ಅದೇ ಕಣ್ಣಿನಿಂದ ನೋಡಿದರು. ಕಳ್ಳ ಕಾಗದ ಮಾಡಿದವನು ಯಾರೋ, ತಲೆ ತಗ್ಗಿಸಿ ನಿಂತವರು ನಮ್ಮ ತಂದೆಯಂಥವರು.

ನಮ್ಮ ಮಲೆನಾಡಿನ ಕಾಫಿ ತೋಟಗಳು ಒಂದು ದಿನವಾದರೂ ಕೇವಲ ಊರಿನವರ ಕೈಯಿಂದ ನಡೆದದ್ದಿಲ್ಲ. ಸಕಲೇಶಪುರದ ಸುತ್ತಿನ ಮಂಜರಾಬಾದ್ ಸೀಮೆಯಲ್ಲಿ ಯುರೋಪಿಯನ್ನರು ತೋಟ ಮಾಡಿದ ಕಾಲದಿಂದ ಘಟ್ಟದ ಕೆಳಗಿನಿಂದ ತುಳು ಮಾತನಾಡುವವರು, ಆಳುಗಳನ್ನು ಕರೆತರುವ ಮೇಸ್ತ್ರಿಯಿಂದ ಮುಂಗಡ ಪಡೆದು, ಗುಂಪುಗುಂಪಾಗಿ ಮೇಲೆ ಬರುತ್ತಿದ್ದರು. ಮಳೆ ಹಿಡಿಯುವ ಮುಂಚೆ ಊರಿಗೆ ಮರಳುತ್ತಿದ್ದರು, ಕೆಲವರು ಇಲ್ಲೇ ನಿಂತರು. ತಮಿಳರು ಬಂದರು, ಬಯಲುಸೀಮೆಯವರು ಬಂದರು. 1964ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಪ್ರಧಾನಿ ಸಿರಿಮಾವೋ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದ ಮೇಲೆ ಮರಳಿ ಬಂದ ತಮಿಳು ಕುಟುಂಬಗಳಿಗೆ ನಮ್ಮ ರಾಜ್ಯವೇ ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟಿತು. ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳವರು ತರೀಕೆರೆಯ ಬಯಲಿಗೆ ಬಂದು ಹೊಸ ಬೇಸಾಯ ಕಲಿತರು. ಇನ್ನು ನಮ್ಮ ಊರಿನ ಆಳುಗಳ ಮಕ್ಕಳು ಹಾಸನದ ಗಾರ್ಮೆಂಟ್ ಕಾರ್ಖಾನೆಗೋ ಬೆಂಗಳೂರಿಗೋ ಹೋಗಿದ್ದಾರೆ. ಅವರು ಹೋದದ್ದು ಸರಿಯಾಗಿಯೇ ಇದೆ. ಬೆಂಗಳೂರಿನಲ್ಲಿ ಯಾರಾದರೂ ಅವರನ್ನು ನೀವು ಎಲ್ಲಿಯವರು, ಇಲ್ಲಿ ಏಕೆ ಬಂದಿರಿ ಎಂದು ಗದರಿದರೆ ನಮಗೆ ಹೇಗಾಗುತ್ತದೆ?

ಈಗ ಕಾನೂನಿನ ಮಾತಿಗೆ ಬರುತ್ತೇನೆ. ಒಡಿಶಾದಲ್ಲಿ ದಾದನ್ ಎಂದು ಕರೆಯುವ ವಲಸೆ ಕಾರ್ಮಿಕರನ್ನು ದಳ್ಳಾಳಿಗಳು ದೂರದ ರಾಜ್ಯಗಳಿಗೆ ಒಯ್ದು ದುಡಿಸಿಕೊಳ್ಳುತ್ತಿದ್ದ ರೀತಿಯನ್ನು ಕಂಡು ಸಂಸತ್ತು 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯನ್ನು ಮಾಡಿತು. ಹೊರರಾಜ್ಯದ ಐವರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರನ್ನು ಕರೆತರುವ ಗುತ್ತಿಗೆದಾರ ಪರವಾನಗಿ ಪಡೆಯಬೇಕಿತ್ತು. ಅದೇ ಕೆಲಸ ಮಾಡುವ ಸ್ಥಳೀಯರಿಗೆ ಸಿಗುವ ಕೂಲಿಗಿಂತ ಕಡಿಮೆ ಕೊಡುವಂತಿರಲಿಲ್ಲ. ಊರು ಬಿಟ್ಟು ಬಂದದ್ದಕ್ಕೆ ಒಂದು ಭತ್ಯೆ, ಹೋಗಿಬರುವ ಪ್ರಯಾಣಕ್ಕೆ ಭತ್ಯೆ ಇತ್ತು. ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಪಾಸ್‌ಪುಸ್ತಕದ ನಿಯಮ. ಪ್ರತಿಯೊಬ್ಬ ವಲಸೆ ಕಾರ್ಮಿಕನಿಗೂ ಫೋಟೊ ಅಂಟಿಸಿದ ಒಂದು ಪುಸ್ತಕ ಕೊಡಬೇಕು, ಅದರಲ್ಲಿ ಕೆಲಸದ ಸ್ಥಳ, ಅವಧಿ, ಕೂಲಿಯ ದರ, ಕಡಿತಗಳು ಎಲ್ಲವೂ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಬೇಕು, ಕಾರ್ಮಿಕನ ಭಾಷೆ ಅವೆರಡೂ ಅಲ್ಲದಿದ್ದರೆ ಅವನ ಭಾಷೆಯಲ್ಲಿಯೂ ಇರಬೇಕು ಎಂದು ಆ ಕಾಯ್ದೆ ಹೇಳಿತ್ತು. ಕಾನೂನು ಬರೆದವರಿಗೆ ನನ್ನ ಕಣದಲ್ಲಿ ಆಗುವುದು ಮೊದಲೇ ಗೊತ್ತಿತ್ತು. ನಾನು ಇಷ್ಟು ವರ್ಷ ತೋಟ ಮಾಡಿದ್ದೇನೆ, ಅಂಥ ಒಂದು ಪಾಸ್‌ಪುಸ್ತಕವನ್ನು ಯಾರ ಕೈಯಲ್ಲೂ ಕಂಡಿಲ್ಲ.

ಆ ಕಾಯ್ದೆ ಈಗ 2020ರ ಉದ್ಯೋಗ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಸೇರಿಹೋಗಿದೆ, 2025ರ ನವೆಂಬರ್ 21ರಿಂದ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಒಳ್ಳೆಯದೂ ಇದೆ. ಗುತ್ತಿಗೆದಾರನ ಮೂಲಕ ಬಾರದೆ ತಾನೇ ಬಂದು ಕೆಲಸಕ್ಕೆ ಸೇರಿದವನನ್ನೂ ಅಂತರರಾಜ್ಯ ವಲಸೆ ಕಾರ್ಮಿಕ ಎಂದು ಅದು ಗುರುತಿಸುತ್ತದೆ. ಊರಿಗೆ ಹೋಗಿಬರಲು ಪ್ರಯಾಣ ಭತ್ಯೆ, ದುಡಿಯುವ ರಾಜ್ಯದಲ್ಲೇ ಪಡಿತರ ಪಡೆಯುವ ಅವಕಾಶ, ಉಚಿತ ಸಹಾಯವಾಣಿ ಇವುಗಳ ಮಾತೂ ಅಲ್ಲಿದೆ. ಆದರೆ ಊರು ಬಿಟ್ಟದ್ದಕ್ಕೆ ಕೊಡುತ್ತಿದ್ದ ಭತ್ಯೆ ಹೋಯಿತು. ಒಂದು ಕೆಲಸದ ಜಾಗಕ್ಕೆ ಈ ನಿಯಮಗಳು ಅನ್ವಯಿಸಲು ಇದ್ದ ಐದು ಮಂದಿಯ ಮಿತಿ ಹತ್ತಕ್ಕೆ ಏರಿತು. ಐವತ್ತಕ್ಕಿಂತ ಕಡಿಮೆ ಜನರನ್ನು ತರುವ ಗುತ್ತಿಗೆದಾರನಿಗೆ ಪರವಾನಗಿಯ ಗೊಡವೆಯೇ ಇಲ್ಲದಂತಾಯಿತು.

ಈ ಮಿತಿಗಳ ಪರಿಣಾಮ ನಮ್ಮ ಕಡೆ ಏನೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಭಾರತದ ಕಾಫಿ ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ ಹತ್ತು ಹೆಕ್ಟೇರಿಗಿಂತ ಸಣ್ಣವು. ಮಕ್ಕಳ ಪಾಲನಾ ಕೇಂದ್ರ, ವಸತಿ, ಶಾಲೆ ಇವುಗಳ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದ್ದ 1951ರ ತೋಟ ಕಾರ್ಮಿಕರ ಕಾಯ್ದೆಯೂ ಐದು ಹೆಕ್ಟೇರಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ನನ್ನ ತೋಟದಲ್ಲಿ ಒಂದು ಕಾಲಕ್ಕೆ ಇರುವವರು ಆರೇಳು ಮಂದಿ. ಅವರನ್ನು ಕರೆತರುವ ಮೇಸ್ತ್ರಿಯ ಕೈಯಲ್ಲಿ ಒಟ್ಟು ನಲವತ್ತು ಜನರಿದ್ದಾರೆ. ನನ್ನಲ್ಲಿ ಹದಿನೈದು ದಿನ, ಪಕ್ಕದವರಲ್ಲಿ ಒಂದು ವಾರ, ಆಲೂರಿನ ಕಡೆ ಇಪ್ಪತ್ತು ದಿನ, ಹೀಗೆ ಪಿಕಪ್ ಗಾಡಿಯಲ್ಲಿ ಅವರನ್ನು ತಿರುಗಿಸುತ್ತಾನೆ. ಯಾವ ತೋಟದಲ್ಲಿ ಎಣಿಸಿದರೂ ಅವರು ಹತ್ತಕ್ಕೆ ಮುಟ್ಟುವುದಿಲ್ಲ. ಮೇಸ್ತ್ರಿಯ ಬಳಿ ಎಣಿಸಿದರೆ ಐವತ್ತಕ್ಕೆ ಮುಟ್ಟುವುದಿಲ್ಲ. ನಾಲ್ಕು ತಿಂಗಳು ಜಿಲ್ಲೆಯ ಬೆಳೆಯನ್ನೇ ಹೊತ್ತವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಮೇಸ್ತ್ರಿಯ ವಿಷಯದಲ್ಲಿ ಮತ್ತೊಂದು ಮಾತು. ಅವನು ಮುಂಗಡ ಕೊಟ್ಟು ಕರೆತರುತ್ತಾನೆ, ಪ್ರತಿ ಆಳಿನ ದಿನಗೂಲಿಯಲ್ಲಿ ತನ್ನ ಪಾಲು ಹಿಡಿಯುತ್ತಾನೆ. ಕುಯ್ಲು ಮುಗಿಯುವ ತನಕ ಎಲ್ಲರ ಮೂಲ ಆಧಾರ್ ಚೀಟಿಗಳನ್ನು ತನ್ನ ಬಳಿ ಇಟ್ಟುಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಅದನ್ನು ಅವನು ಜೋಪಾನ ಎನ್ನುತ್ತಾನೆ. ನಡುವೆ ಬಿಟ್ಟುಹೋಗದಂತೆ ಹಾಕಿದ ಬೀಗ ಅದು. ಒಂದು ಕಡೆ ಚೀಟಿ ಇಲ್ಲ ಎಂದು ರಸ್ತೆಯಲ್ಲಿ ತಡೆಯುವವರು, ಇನ್ನೊಂದು ಕಡೆ ಇದ್ದ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರು. ನಡುವೆ ಸಿಕ್ಕವರು ಯಾರ ಬಳಿ ದೂರು ಹೇಳಬೇಕು? ಬೆಳೆಗಾರರಾದ ನಾವು ಇದನ್ನು ಕಂಡೂ ಕಾಣದವರಂತೆ ಇದ್ದೇವೆ, ಏಕೆಂದರೆ ಹಣ್ಣು ಗಿಡದಲ್ಲೇ ಒಣಗುವಾಗ ಆಳು ಸಿಕ್ಕಿದರೆ ಸಾಕೆಂದು ಎಲ್ಲರಿಗೂ ಅನ್ನಿಸುತ್ತದೆ.

ಅಸ್ಸಾಮಿನವರಿಂದ ನಮ್ಮ ಕೂಲಿ ಇಳಿಯಿತು ಎಂದು ಸ್ಥಳೀಯ ಕಾರ್ಮಿಕರು ಹೇಳುವುದನ್ನು ನಾನು ತಳ್ಳಿಹಾಕುವುದಿಲ್ಲ. ಹೊಟ್ಟೆಪಾಡಿನ ಮಾತದು, ಗೌರವದಿಂದ ಕೇಳಬೇಕು. ಆದರೆ ಕೂಲಿ ಇಳಿಸಿದವರು ಬಂದವರಲ್ಲ, ಕಡಿಮೆ ಕೊಟ್ಟ ನಾವು. ರಾಜ್ಯ ಸರ್ಕಾರ ತೋಟದ ಕೆಲಸಕ್ಕೆ ಗೊತ್ತುಮಾಡಿದ ಕನಿಷ್ಠ ಕೂಲಿ ಭಾಷೆ ನೋಡಿ ಬದಲಾಗುವುದಿಲ್ಲ. ಅದು ಎಲ್ಲರಿಗೂ ಸಮನಾಗಿ ಸಿಕ್ಕಿದ ದಿನ ಹೊರಗಿನವರನ್ನು ಅಗ್ಗವೆಂದು ಕರೆತರುವ ಆಸೆ ತಾನಾಗಿ ಇಳಿಯುತ್ತದೆ. ಹೊರಗಿನವನ ಕೂಲಿಯನ್ನು ಕಾಯುವುದು ಊರಿನವನ ಕೂಲಿಯನ್ನು ಕಾಯುವ ದಾರಿಯೂ ಹೌದು. ಕಾರ್ಮಿಕ ಸಂಘಗಳ ಮುಖಂಡರು ಇದನ್ನು ತಮ್ಮವರಿಗೆ ತಿಳಿಸಿ ಹೇಳಬೇಕೆಂದು ನನ್ನ ಪ್ರಾರ್ಥನೆ.

ಅಕ್ರಮವಾಗಿ ಗಡಿ ದಾಟಿದವರೂ ಇವರ ನಡುವೆ ಇರಬಹುದಲ್ಲವೇ ಎಂದು ನನ್ನ ಸ್ನೇಹಿತರೇ ಕೇಳುತ್ತಾರೆ. ಇರಬಹುದು. ಅದನ್ನು ವಿಚಾರಿಸಲು 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಇದೆ, ಅಧಿಕಾರಿಗಳಿದ್ದಾರೆ, ನ್ಯಾಯಾಲಯಗಳಿವೆ, ದಾಖಲೆ ತೋರಿಸಲು ಕಾಲಾವಕಾಶ ಕೊಡುವ ಕ್ರಮವಿದೆ. ತಾನು ವಿದೇಶಿಯಲ್ಲ ಎಂದು ರುಜುವಾತುಪಡಿಸುವ ಭಾರವನ್ನು ಆ ಕಾಯ್ದೆ ವ್ಯಕ್ತಿಯ ಮೇಲೆಯೇ ಹೊರಿಸುವುದರಿಂದ, ಅದನ್ನು ಬಳಸುವ ಕೈ ಇನ್ನಷ್ಟು ಎಚ್ಚರದಿಂದ ಇರಬೇಕಾಗುತ್ತದೆ. ಸಂತೆಯಲ್ಲಿ ಅಡ್ಡಗಟ್ಟಿ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾ ಚೀಟಿ ಕೇಳುವ ಹುಡುಗರಿಗೆ ಯಾವ ಕಾನೂನೂ ಆ ಅಧಿಕಾರ ಕೊಟ್ಟಿಲ್ಲ. ಭಾರತದ ಪ್ರಜೆ ಈ ದೇಶದ ಯಾವ ಭಾಗಕ್ಕಾದರೂ ಹೋಗಬಹುದು, ನೆಲಸಬಹುದು, ದುಡಿಯಬಹುದು ಎಂದು ಸಂವಿಧಾನದ 19ನೆಯ ವಿಧಿ ಹೇಳುತ್ತದೆ. ಬಂಗಾಳಿ ಮಾತನಾಡುವುದು, ಲುಂಗಿ ಉಡುವುದು, ಒಂದು ಧರ್ಮದ ಹೆಸರಿಟ್ಟುಕೊಂಡಿರುವುದು ಆ ವಿಧಿಗೆ ವಿನಾಯಿತಿಯಲ್ಲ. ತೋಟಕ್ಕೆ ಬಂದ ದಿನವೇ ಕಾರ್ಮಿಕ ಇಲಾಖೆಯಲ್ಲಿ ಹೆಸರು, ಊರು, ಕರೆತಂದವನ ಹೆಸರು ದಾಖಲಾಗುವ ವ್ಯವಸ್ಥೆ ಇದ್ದರೆ ಪೊಲೀಸರಿಗೂ ಅದರಿಂದ ನೆರವೇ. ಹೆದರಿಕೆಯಿಂದ ಅಡಗಿಕೊಂಡವರನ್ನು ಎಣಿಸುವುದಕ್ಕಿಂತ ಕೂಲಿ ಪುಸ್ತಕಕ್ಕಾಗಿ ತಾವೇ ಬಂದು ಹೆಸರು ಬರೆಸುವವರನ್ನು ಎಣಿಸುವುದು ಸುಲಭ.

ಪಡಿತರದ ವಿಷಯ ಚಿಕ್ಕದು, ಆದರೆ ದಿನನಿತ್ಯದ್ದು. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಅಸ್ಸಾಂ 2022ರ ಜೂನ್‌ನಲ್ಲಿ ಸೇರಿತು, ಸೇರಿದ ರಾಜ್ಯಗಳಲ್ಲಿ ಅದೇ ಕೊನೆಯದು. ಅಂದಿನಿಂದ ಆದ್ಯತಾ ಕುಟುಂಬದ ಕಾರ್ಮಿಕ ತನ್ನ ಪಾಲಿನ 5 ಕೆ.ಜಿ. ಧಾನ್ಯವನ್ನು ನಮ್ಮ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳು ಒತ್ತಿ ಪಡೆಯಬಹುದು, ಊರಿನಲ್ಲಿ ಉಳಿದವರು ತಮ್ಮ ಪಾಲನ್ನು ಅಲ್ಲೇ ಪಡೆಯಬಹುದು. ಇದು ನನ್ನ ಲೈನಿನವರಿಗೆ ಕಳೆದ ವರ್ಷದವರೆಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ತಿಳಿದ ಮೇಲೆ ಕರೆದುಕೊಂಡು ಹೋದರೆ, ಅಂಗಡಿಯವರು ಹೊರರಾಜ್ಯದ ಚೀಟಿ ನಡೆಯುವುದಿಲ್ಲ ಎಂದು ಎರಡು ಸಲ ಹಿಂದಕ್ಕೆ ಕಳುಹಿಸಿದರು. ಮೂರನೆಯ ಸಲ ಅಕ್ಕಿ ಸಿಕ್ಕಿತು.

ಮಕ್ಕಳ ಸಂಗತಿ ಇದಕ್ಕಿಂತ ಭಾರವಾದದ್ದು. ಅಂಕಿಗಳನ್ನು ಬರೆದು ತೋರಿಸಿದ ಆ ಹುಡುಗ ಊರಿನಲ್ಲಿ ನಾಲ್ಕನೆಯ ತರಗತಿಯ ತನಕ ಓದಿದ್ದ. ಇಲ್ಲಿಗೆ ಬಂದ ಮೇಲೆ ಗಿಡದ ಬುಡದಲ್ಲಿ ಉದುರಿದ ಹಣ್ಣು ಆಯುತ್ತಿದ್ದ, ತಂಗಿಯನ್ನು ನೋಡಿಕೊಳ್ಳುತ್ತಿದ್ದ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಶಾಲೆಯವರು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಶಾಲೆ ಮುಚ್ಚುವ ಭಯದಲ್ಲಿರುವ ನಮ್ಮ ಹಳ್ಳಿಯ ಮೇಷ್ಟ್ರು ಅವನನ್ನು ಸಂತೋಷದಿಂದ ಸೇರಿಸಿಕೊಂಡರು. ಎರಡೇ ತಿಂಗಳಲ್ಲಿ ಅವನು ಕನ್ನಡದಲ್ಲಿ ಮಗ್ಗಿ ಹೇಳತೊಡಗಿದ. ಮಾರ್ಚ್ ಕೊನೆಗೆ ಕುಯ್ಲು ಮುಗಿದು ಮೇಸ್ತ್ರಿ ಎಲ್ಲರನ್ನೂ ಬೇರೆ ಕಡೆ ಕರೆದೊಯ್ದ. ಆ ಹುಡುಗನ ಹಾಜರಿ ಅಲ್ಲಿಗೆ ನಿಂತಿತು. ಮುಂದೆ ಯಾವ ಶಾಲೆಯಲ್ಲಾದರೂ ಕುಳಿತನೇ ಎಂದು ತಿಳಿಯಲು ನಮ್ಮ ಮೇಷ್ಟ್ರಿಗೂ ದಾರಿ ಇರಲಿಲ್ಲ, ನನಗೂ ಇರಲಿಲ್ಲ.

ಕಾಡಾನೆಯ ಮಾತನ್ನು ಬಿಟ್ಟರೆ ಈ ಪತ್ರ ಅಪೂರ್ಣ. ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ಬೆಳಗಿನ ಮಂಜಿನಲ್ಲಿ ಆನೆ ಎಲ್ಲಿದೆ ಎಂದು ತಿಳಿಯದೆ ಕೆಲಸಕ್ಕೆ ಹೊರಟರೆ ಜೀವಕ್ಕೇ ಅಪಾಯ ಎಂಬುದು ತಮಗೆ ನಾನು ಹೇಳಬೇಕಾಗಿಲ್ಲ. ಅರಣ್ಯ ಇಲಾಖೆಯವರು ಮೊಬೈಲ್ ಸಂದೇಶಗಳಲ್ಲಿ ಆನೆಗಳ ಜಾಗ ತಿಳಿಸುತ್ತಾರೆ, ಆ ಸಿಬ್ಬಂದಿಯ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಸಂದೇಶಗಳು ಬರುವುದು ಕನ್ನಡದಲ್ಲಿ, ಬೆಳೆಗಾರರ ಮೊಬೈಲಿಗೆ. ಆನೆಗೆ ಮೊದಲು ಎದುರಾಗುವವಳು ಬೆಳಗಿನ ಏಳು ಗಂಟೆಗೆ ಚೀಲ ಹೆಗಲಿಗೆ ಹಾಕಿಕೊಂಡು ಗಿಡಗಳ ಸಾಲಿಗೆ ಇಳಿಯುವ ಅಸ್ಸಾಮಿನ ಹೆಣ್ಣುಮಗಳು. ಅದೇ ಸಂದೇಶವನ್ನು ಬಂಗಾಳಿ, ಅಸ್ಸಾಮಿ, ಹಿಂದಿಯ ದನಿಮುದ್ರಣವಾಗಿ ಕಳುಹಿಸಲು ಹೆಚ್ಚು ಖರ್ಚಿಲ್ಲ. ಇವರಲ್ಲಿಯೇ ಓದುಬರಹ ಬಲ್ಲ ಇಬ್ಬರನ್ನು ಕೂರಿಸಿಕೊಂಡರೆ ಒಂದು ಮಧ್ಯಾಹ್ನದ ಕೆಲಸ.

ಮಾನ್ಯರೇ, ಅರೇಬಿಕಾ ಕುಯ್ಲು ನವೆಂಬರಿನಲ್ಲಿ ಶುರುವಾಗುತ್ತದೆ. ಅದಕ್ಕೆ ಮುಂಚೆ, ಅಕ್ಟೋಬರಿನೊಳಗೆ, ಕಾರ್ಮಿಕ, ಆಹಾರ, ಶಿಕ್ಷಣ, ಆರೋಗ್ಯ, ಮಹಿಳಾ ಮತ್ತು ಮಕ್ಕಳ, ಅರಣ್ಯ ಇಲಾಖೆಗಳ ಅಧಿಕಾರಿಗಳನ್ನೂ ಬೆಳೆಗಾರರ ಸಂಘಗಳನ್ನೂ ಕಾರ್ಮಿಕ ಸಂಘಗಳನ್ನೂ ತಾವು ಒಂದೇ ಮೇಜಿನ ಸುತ್ತ ಕೂರಿಸಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹೊರರಾಜ್ಯದ ಕಾರ್ಮಿಕರ ನೋಂದಣಿ ಆಗಬೇಕು, ಅದು ಕಾರ್ಮಿಕ ಇಲಾಖೆಯ ಕೈಯಲ್ಲಿ ಇರಬೇಕು, ಎಣಿಕೆ ತೋಟದ ಲೆಕ್ಕದಲ್ಲಿ ಅಲ್ಲ, ಮೇಸ್ತ್ರಿಯ ಲೆಕ್ಕದಲ್ಲಿ ಆಗಬೇಕು. ಕಾನೂನಿನ ಮಿತಿ ಹತ್ತೇ ಇರಲಿ ಐವತ್ತೇ ಇರಲಿ, ಜಿಲ್ಲಾಡಳಿತವು ಬೆಳೆಗಾರರ ಒಪ್ಪಿಗೆಯಿಂದ ಅದಕ್ಕಿಂತ ಕೆಳಗೆ ಇಳಿದು ಎಣಿಸಬಾರದೆಂದು ಯಾರೂ ಹೇಳಿಲ್ಲ. ಮೂಲ ದಾಖಲೆಗಳನ್ನು ಯಾವ ಮೇಸ್ತ್ರಿಯೂ ಇಟ್ಟುಕೊಳ್ಳಬಾರದೆಂದು ಸ್ಪಷ್ಟ ಆದೇಶ ಹೊರಡಬೇಕು. ಪಂಚಾಯಿತಿಗಳು ನಡೆಸುವ ಶಿಶುಪಾಲನಾ ಕೇಂದ್ರಗಳಾದ ಕೂಸಿನ ಮನೆಗಳ ಮತ್ತು ಅಂಗನವಾಡಿಗಳ ಬಾಗಿಲು ಕುಯ್ಲಿನ ತಿಂಗಳುಗಳಲ್ಲಿ ಈ ಮಕ್ಕಳಿಗೂ ತೆರೆದಿರಬೇಕು. ರಸ್ತೆಯಲ್ಲಿ ಅಡ್ಡಗಟ್ಟಿ ದಾಖಲೆ ಕೇಳುವವರ ಮೇಲೆ ಕ್ರಮ ಆಗುತ್ತದೆ ಎಂಬ ಮಾತು ತಮ್ಮ ಬಾಯಿಂದಲೇ ಬಂದರೆ ಅದರ ತೂಕ ಬೇರೆ.

ಬೆಳೆಗಾರ ಬಂಧುಗಳಲ್ಲಿ ನಾನು ಕೇಳುವುದು ಹೆಚ್ಚಿನದಲ್ಲ. ಕೂಲಿಯನ್ನು ಮೇಸ್ತ್ರಿಯ ಕೈಗೆ ಮೊತ್ತವಾಗಿ ಕೊಡದೆ ಒಬ್ಬೊಬ್ಬರ ಕೈಗೆ ಕೊಡೋಣ. ಲೈನಿನ ಮಾಡು ಸೋರುತ್ತಿದ್ದರೆ ಕುಯ್ಲಿಗೆ ಮುಂಚೆ ಹೆಂಚು ಬದಲಾಯಿಸೋಣ, ಹೆಂಗಸರಿಗೆ ಬಾಗಿಲಿರುವ ಶೌಚಾಲಯ ಕಟ್ಟಿಸೋಣ. ಕಾಫಿಗೆ ಒಳ್ಳೆಯ ಬೆಲೆ ಕಂಡ ವರ್ಷಗಳಲ್ಲೂ ಇಷ್ಟನ್ನು ಮಾಡದಿದ್ದರೆ ಇನ್ನು ಯಾವಾಗ ಮಾಡುತ್ತೇವೆ?

ನನ್ನ ತೋಟದಲ್ಲಿ ಈಗ ತೂಕದ ಪುಸ್ತಕದ ಪ್ರತಿ ಪುಟದಲ್ಲೂ ಎರಡು ಕಾಲಂಗಳಿವೆ. ಒಂದರಲ್ಲಿ ನಾನು ನನ್ನ ಅಂಕಿಯಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ಕುಯ್ದವರು ತಮ್ಮ ಅಂಕಿಯಲ್ಲಿ ಬರೆದು ಸಹಿ ಹಾಕುತ್ತಾರೆ, ಬರೆಯಲು ಬಾರದವರ ಪರವಾಗಿ ಅವರ ಜೊತೆಯವರು ಬರೆಯುತ್ತಾರೆ. ನೋಂದಣಿಯ ಕೆಲಸವನ್ನು ತಾವು ಆರಂಭಿಸುವುದಾದರೆ ತಮ್ಮ ಸಿಬ್ಬಂದಿ ಮೊದಲು ನನ್ನ ತೋಟಕ್ಕೇ ಬರಲಿ. ಲೈನಿನ ಬಾಗಿಲನ್ನೂ ಆ ಪುಸ್ತಕವನ್ನೂ ಅವರ ಮುಂದೆ ತೆರೆದಿಡುತ್ತೇನೆ, ನನ್ನಲ್ಲಿ ಏನೇನು ಕೊರತೆಯಿದೆಯೋ ಅದನ್ನು ಅವರು ಬರೆದುಕೊಳ್ಳಲಿ.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲೂಕಿನ ಒಬ್ಬ ಕಾಫಿ ಬೆಳೆಗಾರ